ಲಕ್ಷ ರೂಪಾಯಿಯ ಹಗುರ ಲ್ಯಾಪ್‌ಟಾಪ್: ನಮ್ಮ ತಾಲ್ಲೂಕುಗಳ ಲೆಕ್ಕ

ಇಂಡಿಯಲ್ಲಿ ಲಿಂಬೆ ಬೆಳೆಗಾರರು, ಸಿಂದಗಿಯಲ್ಲಿ ತೊಗರಿ ಬ್ಯಾಳಿ ಮಿಲ್ಲಿನವರು, ಬಸವನ ಬಾಗೇವಾಡಿಯಲ್ಲಿ ಕಡಕ್ ರೊಟ್ಟಿ ಬಡಿದು ಮಾರುವ ಮಹಿಳಾ ಸಂಘ, ಮುದ್ದೇಬಿಹಾಳದಲ್ಲಿ ಸಾಲದ ಕಡತ ಹಿಡಿದು ಕೂತ ಬ್ಯಾಂಕ್ ಮ್ಯಾನೇಜರು. ನನ್ನ ವಾರ ಕಳೆಯುವುದು ಇವರ ನಡುವೆ. ಸಣ್ಣ ಆಹಾರ ಉದ್ಯಮ ಕಟ್ಟುವವರಿಗೆ ಯೋಜನಾ ವರದಿ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಕಿರು ಆಹಾರ ಉದ್ಯಮಗಳಿಗಾಗಿಯೇ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ 35ಕ್ಕೆ ರಾಜ್ಯದ ಶೇ 15 ಸೇರಿ, ಗರಿಷ್ಠ 15 ಲಕ್ಷ ರೂಪಾಯಿವರೆಗೆ ಸಹಾಯಧನ ಸಿಗುತ್ತದೆ. ಆದರೆ ಅದಕ್ಕೆ ಬ್ಯಾಂಕು ಒಪ್ಪುವಂಥ ಐದು ವರ್ಷದ ಲೆಕ್ಕಪತ್ರ ಬೇಕು. ಮ್ಯಾನೇಜರು ಒಂದು ಅಂಕಿ ಬದಲಿಸಲು ಹೇಳಿದರೆ ಅಲ್ಲೇ, ಆಗಲೇ ಬದಲಿಸಿಕೊಡಬೇಕು. ಹಾಗಾಗಿ ಲ್ಯಾಪ್‌ಟಾಪ್ ಮನೆಯಲ್ಲಿಟ್ಟು ನಾನು ಎಲ್ಲಿಗೂ ಹೋಗುವಂತಿಲ್ಲ.

2025ರಲ್ಲಿ ಹಳೆಯದನ್ನು ಬಿಟ್ಟು ಮ್ಯಾಕ್‌ಬುಕ್ ಏರ್ ಕೊಂಡೆ. 13 ಇಂಚಿನದು, ಎಂ4 ಚಿಪ್ಪು, 16 ಜಿಬಿ ಮೆಮೊರಿ, 256 ಜಿಬಿ ಸಂಗ್ರಹ. ಮಾರ್ಚ್‌ನಲ್ಲಿ ಬಿಡುಗಡೆಯಾದಾಗ ಅದರ ಬೆಲೆ 99,900 ರೂಪಾಯಿ. ಅಷ್ಟು ದುಡ್ಡಿಗೆ ನಮ್ಮಲ್ಲಿ ಒಳ್ಳೆಯ ಬೈಕು ಬರುತ್ತದೆ. ಕೊಂಡ ದಿನದಿಂದ ನನ್ನನ್ನು ಎಲ್ಲರೂ ಕೇಳುತ್ತಿರುವುದು ಒಂದೇ ಪ್ರಶ್ನೆ: "ಒಂದ್ ಲಕ್ಷ ಕೊಡೂವಂಥಾದ್ದು ಅದರಾಗ ಏನೈತ್ರಿ?"

ಮೊದಲು ಹೇಳಬೇಕಾದದ್ದು ತೂಕ. ಇದು 1.24 ಕಿಲೋ. ನನ್ನ ಹಳೆಯದು ಚಾರ್ಜರ್ ಸೇರಿ ಇದರ ಎರಡು ಪಟ್ಟಿಗಿಂತ ಹೆಚ್ಚು ಇತ್ತು. ಇಂಡಿಯಿಂದ ವಿಜಯಪುರ, ಅಲ್ಲಿಂದ ಮುದ್ದೇಬಿಹಾಳ ಎಂದು ಬಸ್ಸು ಬದಲಿಸುತ್ತ, ನಿಂತುಕೊಂಡೇ ಹೋಗುವ ದಿನಗಳಲ್ಲಿ ಹೆಗಲಿಗೆ ಆ ವ್ಯತ್ಯಾಸ ತಿಳಿಯುತ್ತದೆ. ಆದರೆ ಬರೀ ತೂಕಕ್ಕಾಗಿಯೇ ಅಷ್ಟು ದುಡ್ಡು ಕೊಡಿ ಎಂದು ನಾನು ಹೇಳುವುದಿಲ್ಲ. ನನಗೆ ದುಡ್ಡು ದುಡಿದುಕೊಟ್ಟದ್ದು ಬ್ಯಾಟರಿ. ಕಂಪನಿಯವರು ವಿಡಿಯೊ ನೋಡಿದರೆ 18 ತಾಸು, ಇಂಟರ್ನೆಟ್ ಬಳಸಿದರೆ 15 ತಾಸು ಎನ್ನುತ್ತಾರೆ. ನನ್ನ ಕೆಲಸದಲ್ಲಿ ಅಷ್ಟು ಬರುವುದಿಲ್ಲ, ಆದರೆ ಮುಂಜಾನೆ ಮನೆ ಬಿಟ್ಟವನು ಸಂಜೆ ತಿರುಗಿ ಬರುವತನಕ ಪ್ಲಗ್ ಹುಡುಕಿದ್ದಿಲ್ಲ. ಹೊಲದ ನಡುವಿನ ಶೆಡ್ಡಿನಲ್ಲಿ ಕರೆಂಟ್ ಹೋದರೆ ಮೊದಲು ಕೆಲಸ ನಿಲ್ಲುತ್ತಿತ್ತು, ಅದೇ ಕೆಲಸಕ್ಕೆ ಮತ್ತೊಂದು ದಿನ, ಮತ್ತೊಮ್ಮೆ ಬಸ್ ಚಾರ್ಜು. ಈಗ ಕೂತಲ್ಲೇ ವರದಿ ಮುಗಿಯುತ್ತದೆ. ಚಾರ್ಜ್ ಮಾಡಲು ಫೋನಿನ ಯುಎಸ್‌ಬಿ-ಸಿ ವೈರೇ ಸಾಕು, ಅವಸರಕ್ಕೆ ಪವರ್ ಬ್ಯಾಂಕಿನಿಂದಲೂ ನಡೆಯುತ್ತದೆ.

ಇನ್ನೊಂದು ಗುಣ ಕೊಳ್ಳುವಾಗ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಇದಕ್ಕೆ ಫ್ಯಾನ್ ಇಲ್ಲ. ಬ್ಯಾಳಿ ಮಿಲ್ಲಿನೊಳಗೆ ಒಂದು ತಾಸು ಕೂತವರಿಗೆ ಗೊತ್ತು, ತೊಗರಿ ಹೊಟ್ಟಿನ ಧೂಳು ಮೀಸೆಯ ಮೇಲೂ ಕೂರುತ್ತದೆ. ಹಳೆಯ ಯಂತ್ರದ ಫ್ಯಾನ್ ಅದನ್ನೆಲ್ಲ ಒಳಗೆ ಎಳೆದುಕೊಂಡು ಕೊನೆಕೊನೆಗೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಇದು ಗಾಳಿ ಎಳೆಯುವುದೂ ಇಲ್ಲ, ಧೂಳು ನುಂಗುವುದೂ ಇಲ್ಲ. ಎರೆಮಣ್ಣಿನ ಸೀಮೆಗೆ ಇದು ದೊಡ್ಡ ಅನುಕೂಲ.

ಆದರೆ ಫ್ಯಾನ್ ಇಲ್ಲದ್ದಕ್ಕೆ ಬೆಲೆ ತೆರುವುದೂ ನಮ್ಮ ಸೀಮೆಯಲ್ಲೇ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕಂಪನಿಯ ವಿವರಪಟ್ಟಿಯಲ್ಲೇ ಬಳಕೆಗೆ 10ರಿಂದ 35 ಡಿಗ್ರಿ, ಬಳಸದೆ ಇಡಲು ಹೆಚ್ಚೆಂದರೆ 45 ಡಿಗ್ರಿ ಎಂದು ಬರೆದಿದೆ. ಬಿಸಿಲಿಗೆ ನಿಲ್ಲಿಸಿದ, ಗಾಜು ಏರಿಸಿದ ಕಾರಿನೊಳಗೆ 45 ಡಿಗ್ರಿ ಯಾವ ಲೆಕ್ಕ! ಶಾಖ ಏರಿದಾಗ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತದೆ. ಎಕ್ಸೆಲ್ ಹಾಳೆಗೆ, ಪತ್ರ ಬರೆಯುವುದಕ್ಕೆ ತೊಂದರೆ ಇಲ್ಲ. ಮದುವೆಯ ವಿಡಿಯೊ ಎಡಿಟ್ ಮಾಡುವವರು ತಗಡಿನ ಶೆಡ್ಡಿನಲ್ಲಿ ಕೂತು ತಾಸುಗಟ್ಟಲೆ ದುಡಿಸಿಕೊಳ್ಳಬೇಕೆಂದರೆ ಇದು ಅವರದಲ್ಲ. ಬಯಲಿನಲ್ಲಿ ಪರದೆಯೂ ಕಾಣಿಸುವುದಿಲ್ಲ, ಬೇವಿನ ನೆರಳು ಹುಡುಕಲೇಬೇಕು.

ನಮ್ಮೂರಿನ ವ್ಯವಹಾರದಲ್ಲಿ ಇದಕ್ಕಿಂತ ಹೆಚ್ಚು ಕಾಡುವುದು ತಂತ್ರಾಂಶ. ಅಂಗಡಿ, ಮಿಲ್ಲು, ಸೊಸೈಟಿ ಎಲ್ಲರ ಲೆಕ್ಕವೂ ಟ್ಯಾಲಿಯಲ್ಲಿ, ಟ್ಯಾಲಿ ಇರುವುದು ವಿಂಡೋಸ್‌ಗೆ. ಡಿಟಿಪಿ ಅಂಗಡಿಯಿಂದ, ಹಳೆಯ ಸಂಘಗಳ ಕಡತದಿಂದ ಬರುವ ‘ನುಡಿ’ ತಂತ್ರಾಂಶದ ಅಕ್ಷರಗಳು ಇಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಯುನಿಕೋಡ್‌ಗೆ ಬದಲಿಸಿಯೇ ಓದಬೇಕು. ಕನ್ನಡ ಕೀಲಿಮಣೆಯೇನೋ ಯಂತ್ರದೊಳಗೇ ಇದೆ, ಹೊಸದಾಗಿ ಬರೆಯಲು ಅಡ್ಡಿಯಿಲ್ಲ. ಇನ್ನು ಪೋರ್ಟು. ಚಾರ್ಜಿನದ್ದು, ಇಯರ್‌ಫೋನಿನದ್ದು ಬಿಟ್ಟರೆ ಇರುವುದು ಎರಡೇ ಯುಎಸ್‌ಬಿ-ಸಿ ತೂತು. ಪೆನ್‌ಡ್ರೈವ್, ಡಿಜಿಟಲ್ ಸಹಿಯ ಟೋಕನ್, ಪ್ರೊಜೆಕ್ಟರ್ ಎಲ್ಲಕ್ಕೂ ನಡುವೆ ಒಂದು ಹಬ್ ಬೇಕು. ಅದರ ಖರ್ಚನ್ನು ಯಂತ್ರದ ಬೆಲೆಗೇ ಸೇರಿಸಿ ನೋಡಿ. ಮೆಮೊರಿ, ಸಂಗ್ರಹ ಎರಡನ್ನೂ ಆಮೇಲೆ ಹೆಚ್ಚಿಸಲು ಬರುವುದಿಲ್ಲ. 512 ಜಿಬಿಯದ್ದು 1,19,900 ಇತ್ತು. ಆ 20,000 ಉಳಿಸಿ, ಫೋಟೊ, ಹಳೆಯ ಕಡತಗಳಿಗೆ ಹೊರಗಿನ ಎಸ್‌ಎಸ್‌ಡಿ ಕೊಂಡೆ. ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಕೆಲಸ ಆಯಿತು.

ಈಗ ದುಡ್ಡಿನ ಮಾತು. ಐದು ವರ್ಷ ಬಳಸಿ 30,000ಕ್ಕೆ ಮಾರಿದೆ ಎಂದು ಹಿಡಿಯಿರಿ. ಉಳಿದ 69,900ನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 1,165 ರೂಪಾಯಿ. ಅದೇ 50,000ದ ಲ್ಯಾಪ್‌ಟಾಪ್ ಕೊಂಡು, ನಡುವೆ 5,000 ಕೊಟ್ಟು ಬ್ಯಾಟರಿ ಬದಲಿಸಿ, ಕೊನೆಗೆ 5,000ಕ್ಕೆ ಮಾರಿದರೆ ತಿಂಗಳಿಗೆ 833. ಅಂತರ ಸುಮಾರು 330 ರೂಪಾಯಿ. ತಿಂಗಳಿಗೆ ಒಂದು ವ್ಯರ್ಥ ತಿರುಗಾಟ ತಪ್ಪಿದರೂ ನನಗೆ ಅದು ಗಿಟ್ಟುತ್ತದೆ. ಮನೆಯಲ್ಲೇ ಮೇಜಿನ ಮೇಲಿಟ್ಟು ಬಳಸುವವರಿಗೆ ಆ 330 ಯಾವ ದಾರಿಯಿಂದಲೂ ತಿರುಗಿ ಬರುವುದಿಲ್ಲ.

ದುಡ್ಡು ಹೊಂದಿಸಿದ್ದು ಪಿಗ್ಮಿಯಿಂದ. ದಿನಕ್ಕೆ 200ರಂತೆ ಕಟ್ಟಿದರೆ 500 ದಿನಕ್ಕೆ ಲಕ್ಷ. ಅಂಗಡಿಯವರು ಬಡ್ಡಿಯಿಲ್ಲದ ಕಂತು ಅಂತ ಬಹಳ ಒತ್ತಾಯ ಮಾಡಿದರು. ಆ ಕಂತಿನೊಳಗೆ ಬಡ್ಡಿ ಇದ್ದೇ ಇರುತ್ತದೆ, ಅಷ್ಟು ಮೊತ್ತವನ್ನು ಬೆಲೆಯಲ್ಲಿ ಇಳಿಸಿರುತ್ತಾರೆ, ಅಷ್ಟೇ. ಶೇ 15ರ ಬಡ್ಡಿಯ, ಒಂದು ವರ್ಷದ ಕ್ರೆಡಿಟ್ ಕಾರ್ಡ್ ಕಂತಾದರೆ 99,900ರಲ್ಲಿ ಸುಮಾರು 7,670 ಬಡ್ಡಿಯ ಪಾಲು. ಅದರ ಮೇಲಿನ ಶೇ 18ರ ಜಿಎಸ್‌ಟಿ, ಅಂದರೆ ಸುಮಾರು 1,380 ರೂಪಾಯಿ, ನಿಮ್ಮ ತಲೆಗೇ ಬರುತ್ತದೆ. ಸಂಸ್ಕರಣಾ ಶುಲ್ಕ ಬೇರೆ. ನಗದು ಕೊಡುವವರಿಗೆ ಏನಾದರೂ ರಿಯಾಯಿತಿ ಇದ್ದರೆ ಅದೂ ಹೋಯಿತು.

ತೆರಿಗೆಯ ಕಡೆಯಿಂದ ಸ್ವಲ್ಪ ಆಸರೆ ಇದೆ. ಜಿಎಸ್‌ಟಿ ನೋಂದಣಿ ಇದ್ದು, ಸಂಸ್ಥೆಯ ಹೆಸರಿನಲ್ಲಿ ಬಿಲ್ಲು ಮಾಡಿಸಿದರೆ 99,900ರಲ್ಲಿ ಅಡಗಿದ 15,239 ರೂಪಾಯಿ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು. ನೋಂದಣಿ ಇಲ್ಲದೆ ಲೆಕ್ಕಪುಸ್ತಕ ಮಾತ್ರ ಇಡುವವರು ಕಂಪ್ಯೂಟರಿಗೆ ಶೇ 40ರ ಸವಕಳಿ ತೋರಿಸಬಹುದು: ಮೊದಲ ವರ್ಷ 39,960, ಮರುವರ್ಷ ಉಳಿದದ್ದರ ಮೇಲೆ 23,976. ಆ ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷಕ್ಕೆ ಅರ್ಧ ಮಾತ್ರ. ಆದ್ದರಿಂದ ದೀಪಾವಳಿಯ ರಿಯಾಯಿತಿಗೆ ಕಾಯುವವರು ಇದನ್ನೂ ತೂಗಿ ನೋಡಬೇಕು. ವೃತ್ತಿಯಿಂದ ಬಂದ ಒಟ್ಟು ಮೊತ್ತದ ಶೇ 50ನ್ನೇ ಆದಾಯವೆಂದು ಘೋಷಿಸುವ ವೃತ್ತಿಪರರಿಗೆ ಸವಕಳಿಯ ಪ್ರತ್ಯೇಕ ಲಾಭ ಸಿಗದು.

ವಿಜಯಪುರದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವ ಅಣ್ಣನ ಮಗಳು ಇದನ್ನು ನೋಡಿ, "ಕಾಕಾ, ನನಗೂ ಇಂಥಾದ್ದ ಕೊಡಸ್ರಿ" ಎಂದಳು. ವಿದ್ಯಾರ್ಥಿಗಳಿಗೆ 89,900ಕ್ಕೆ ಸಿಗುತ್ತದೆ ಎಂಬುದನ್ನೂ ಹುಡುಕಿಟ್ಟಿದ್ದಳು. "ಚಂದ ಐತಿ ಖರೆ ಯವ್ವಾ, ಆದ್ರ ನಿನ್ನ ಸ್ಟಾಡ್ ಪ್ರೊ, ಇಟ್ಯಾಬ್ಸ್ ಇದರಾಗ ನಡಿಯೂದಿಲ್ಲ" ಎಂದೆ. ಕಟ್ಟಡ ವಿನ್ಯಾಸದ ಆ ಎರಡೂ ತಂತ್ರಾಂಶಗಳು ವಿಂಡೋಸ್‌ಗಾಗಿ ಮಾಡಿದವು. ಅವಳಿಗೆ ಅರ್ಧ ಬೆಲೆಯ, ಸ್ವಲ್ಪ ಭಾರದ ವಿಂಡೋಸ್ ಲ್ಯಾಪ್‌ಟಾಪ್ ಕೊಡಿಸಿದೆವು. ಉಳಿದ ದುಡ್ಡು ಅವಳ ಹಾಸ್ಟೆಲ್ ಶುಲ್ಕಕ್ಕಾಯಿತು.

ಹಗುರ ಯಂತ್ರದ ಬಗ್ಗೆ ನನಗಿರುವ ದೊಡ್ಡ ಚಿಂತೆ ರಿಪೇರಿ. ನಮ್ಮ ತಾಲ್ಲೂಕಿನ ರಿಪೇರಿ ಅಂಗಡಿಯ ಹುಡುಗರು ಶಾಣ್ಯಾರು, ಸತ್ತ ಮೊಬೈಲಿಗೂ ಜೀವ ಕೊಡುತ್ತಾರೆ. ಆದರೆ ಇದನ್ನು ತೋರಿಸಿದಾಗ "ಸರ್, ಇದರ ಸಾಮಾನು ನಮಗ ಸಿಗೂದಿಲ್ಲರಿ" ಎಂದು ಕೈಮುಗಿದರು. ವಾರಂಟಿ ಒಂದೇ ವರ್ಷದ್ದು, ಬಿದ್ದು ಒಡೆದರೆ ಅದರಲ್ಲಿ ಬರುವುದಿಲ್ಲ. ಪರದೆ ಹೋದರೆ ಹತ್ತಾರು ಸಾವಿರ, ಮೇಲೆ ದೊಡ್ಡ ನಗರಕ್ಕೆ ಹೋಗಿಬರುವ ಖರ್ಚು, ಯಂತ್ರ ಕೈಗೆ ಬರುವತನಕ ನಿಂತ ಕೆಲಸ. ತೆಳ್ಳಗಿನ ಪರದೆಗೂ ಕೀಲಿಮಣೆಗೂ ನಡುವೆ ಒಂದು ಕಾಳು ಸಿಕ್ಕಿ ಮುಚ್ಚಿದರೂ ಗಾಜು ಸೀಳುವ ಭಯ. ಮಿಲ್ಲಿನಿಂದ ಏಳುವ ಮುನ್ನ ಬಟ್ಟೆಯಿಂದ ಒರೆಸಿಯೇ ಮುಚ್ಚುತ್ತೇನೆ.

ಹಾಗಾಗಿ ಲ್ಯಾಪ್‌ಟಾಪ್ ಬಂದ ಮೇಲೂ ಪಿಗ್ಮಿ ನಿಲ್ಲಿಸಿಲ್ಲ, ದಿನಕ್ಕೆ 30ಕ್ಕೆ ಇಳಿಸಿದ್ದೇನೆ. ವರ್ಷಕ್ಕೆ 10,950 ಆಗುತ್ತದೆ. ಪರದೆಗೋ ಬ್ಯಾಟರಿಗೋ ಆ ದುಡ್ಡು. ಏನೂ ಕೆಡದೆ ಐದು ವರ್ಷ ನಡೆದರೆ ಮುಂದಿನ ಯಂತ್ರದ ಅರ್ಧ ಬೆಲೆ ಅದರಲ್ಲೇ ಕೂಡಿರುತ್ತದೆ.