ದೋಷವುಳ್ಳ ಸರಕು ಮತ್ತು ಮರಳಿಸುವ ಹಕ್ಕು

ಮೊಬೈಲಿನಲ್ಲಿ ಚಿತ್ರ ನೋಡಿ ಮಿಕ್ಸಿಯೊಂದನ್ನು ತರಿಸುತ್ತೇವೆ. ಹಣ ಮೊದಲೇ ಸಂದಾಯವಾಗಿರುತ್ತದೆ. ಪೆಟ್ಟಿಗೆ ಬಿಚ್ಚಿ ಸ್ವಿಚ್ ಹಾಕಿದರೆ ಸುಟ್ಟ ವಾಸನೆ ಬರುತ್ತದೆ, ಮೋಟಾರು ತಿರುಗುವುದಿಲ್ಲ. ಮರಳಿಸಲು ಹೊರಟರೆ ಮಾರಿದವನು ಕಂಪೆನಿಯನ್ನು ತೋರಿಸುತ್ತಾನೆ, ಕಂಪೆನಿಯವರು ಸರ್ವೀಸ್ ಸೆಂಟರನ್ನು ತೋರಿಸುತ್ತಾರೆ. ಅಷ್ಟರಲ್ಲಿ ಮರಳಿಸುವ ಅವಧಿಯೇ ಮುಗಿದಿರುತ್ತದೆ. ಸಂಬಳದಲ್ಲಿ ಉಳಿಸಿದ ಹಣ ಹೋಯಿತೆಂದು ಮನೆಯವರೆಲ್ಲ ನೊಂದುಕೊಳ್ಳುತ್ತಾರೆ. ಕೆಲವರು 'ಸಬ್ರ್ ಮಾಡೋಣ' ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಬಾಗಿಲಿಗೆ ಬಂದ ಹುಡುಗನ ಮೇಲೆ ರೇಗುತ್ತಾರೆ. ಈ ಎರಡೂ ಸರಿಯಾದ ದಾರಿಯಲ್ಲ.

ಮುಚ್ಚಿಟ್ಟ ದೋಷ

ಪ್ರವಾದಿವರ್ಯರು(ಸ) ಒಮ್ಮೆ ಮಾರಾಟಕ್ಕಿಟ್ಟ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಬೆರಳುಗಳಿಗೆ ತೇವ ತಗಲಿತು. ಮಳೆಯಿಂದ ಹೀಗಾಯಿತೆಂದು ವ್ಯಾಪಾರಿ ಹೇಳಿದನು. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಏಕೆ ಇಡಲಿಲ್ಲವೆಂದು ಅವರು ಕೇಳಿದರು. ವಂಚಿಸುವವನು ತನ್ನ ದಾರಿಯವನಲ್ಲವೆಂದೂ ಎಚ್ಚರಿಸಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ಧಾನ್ಯ ನೆನೆದದ್ದು ಅಪರಾಧವಾಗಿರಲಿಲ್ಲ, ಅದನ್ನು ಮುಚ್ಚಿಟ್ಟದ್ದು ಅಪರಾಧವಾಗಿತ್ತು.

ಹಾಲು ಕರೆಯದೆ ಕೆಚ್ಚಲು ತುಂಬಿಸಿ ಮಾರಿದ ಪಶುವಿನ ಹದೀಸ್ ಕೂಡ ಪ್ರಸಿದ್ಧವಾಗಿದೆ. ಅದನ್ನು ಕೊಂಡವನಿಗೆ ಇಟ್ಟುಕೊಳ್ಳುವ ಅಥವಾ ಮರಳಿಸುವ ಆಯ್ಕೆಯಿದೆ. ಮರಳಿಸುವುದಾದರೆ ಕರೆದುಕೊಂಡ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರ ಕೊಡಬೇಕು. ವಿವರಗಳಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದ್ದರೂ ಪಾಠ ಸ್ಪಷ್ಟವಾಗಿದೆ. ಮೋಸ ಹೋದವನಿಗೆ ಹಕ್ಕಿದೆ, ಆದರೆ ಆ ಹಕ್ಕಿನ ಹೆಸರಿನಲ್ಲಿ ಇನ್ನೊಬ್ಬರ ಸೊತ್ತನ್ನು ಪುಕ್ಕಟೆ ಅನುಭವಿಸುವಂತಿಲ್ಲ.

ಖಿಯಾರುಲ್ ಐಬ್

ದೋಷ ಕಂಡಾಗ ವ್ಯಾಪಾರವನ್ನು ರದ್ದುಪಡಿಸುವ ಹಕ್ಕನ್ನು ಕರ್ಮಶಾಸ್ತ್ರದಲ್ಲಿ ಹೀಗೆ ಕರೆಯುತ್ತಾರೆ. ದೋಷವು ಸರಕು ನಮ್ಮ ಕೈಸೇರುವ ಮೊದಲೇ ಇದ್ದಿರಬೇಕು. ವ್ಯಾಪಾರಿಗಳ ರೂಢಿಯಲ್ಲಿ ಬೆಲೆ ಕಡಿಮೆಯಾಗುವಂಥದಾಗಿರಬೇಕು. ಕೊಳ್ಳುವಾಗ ನಮಗೆ ತಿಳಿದಿರಬಾರದು. ಶಾಫಿಈ ಮದ್ಹಬಿನಲ್ಲಿ ದೋಷ ತಿಳಿದ ಕೂಡಲೇ ಮರಳಿಸಲು ಮುಂದಾಗಬೇಕು. ಹನಫೀ ಮದ್ಹಬಿನಲ್ಲಿ ಅಷ್ಟು ಬಿಗಿಯಿಲ್ಲ. ಆದರೆ ತಿಳಿದ ಮೇಲೂ ಬಳಸುತ್ತಾ ಹೋದರೆ ಅದು ಒಪ್ಪಿಗೆಯೆಂದು ಪರಿಗಣಿಸಲ್ಪಡುತ್ತದೆ. ಆದ್ದರಿಂದ ಸರಕು ಬಂದ ದಿನವೇ ಪರೀಕ್ಷಿಸಿ, ದೋಷ ಕಂಡರೆ ಅಂದೇ ತಿಳಿಸುವುದು ಎಲ್ಲರಿಗೂ ಕ್ಷೇಮ.

ನಾಡಿನ ಕಾನೂನು

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವುಳ್ಳ ಅಥವಾ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು, ಹಣ ಮರಳಿಸಲು ಮಾರಾಟಗಾರನು ನಿರಾಕರಿಸುವಂತಿಲ್ಲ. ಸಂಸ್ಥೆಯ ದೂರು ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಮಾರಿದವನು ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ಇದಕ್ಕೆಲ್ಲ ಪುರಾವೆ ಬೇಕು. ವ್ಯವಹಾರವನ್ನು ಬರೆದಿಡಲು, ಸಾಕ್ಷಿ ಇರಿಸಿಕೊಳ್ಳಲು ಅಲ್‌ಬಕರ ಅಧ್ಯಾಯದ 282ನೇ ಸೂಕ್ತವು ಕಲಿಸಿದೆ. ಬಿಲ್ಲು, ಪೆಟ್ಟಿಗೆ ಬಿಚ್ಚುವಾಗಿನ ವಿಡಿಯೋ, ದೂರಿನ ಸಂಖ್ಯೆ ಇವೇ ಇಂದಿನ ಸಾಕ್ಷಿಗಳು.

ಕೊಂಡವರ ಹೊಣೆ

ಹಕ್ಕು ಕೇಳುವುದು ಸಹನೆಗೆ ವಿರುದ್ಧವಲ್ಲ. ಪ್ರವಾದಿವರ್ಯರಿಂದ(ಸ) ತನಗೆ ಬರಬೇಕಾಗಿದ್ದ ಒಂಟೆಯನ್ನು ಕೇಳಲು ಬಂದವನೊಬ್ಬ ಒರಟಾಗಿ ಮಾತಾಡಿದನು. ಅನುಚರರು ಸಿಟ್ಟಾದರು. ಹಕ್ಕುಳ್ಳವನಿಗೆ ಮಾತಾಡುವ ಅವಕಾಶವಿದೆಯೆಂದು ಅವರು ತಡೆದರು, ಅವನ ಒಂಟೆಗಿಂತ ಉತ್ತಮವಾದುದನ್ನೇ ಕೊಡಿಸಿದರು. ಆದರೆ ಆತ ಮಾತಾಡಿದ್ದು ಕೊಡಬೇಕಾದವರೊಡನೆ. ಪೆಟ್ಟಿಗೆ ಹೊತ್ತು ತಂದ ಹುಡುಗನು ನಮಗೆ ಏನನ್ನೂ ಕೊಡಬೇಕಾಗಿಲ್ಲ. ಬಿಸಿಲಲ್ಲಿ ಅಲೆಯುವ ಆ ಬಡವನನ್ನು ಬೈದರೆ ನಮ್ಮ ಹಕ್ಕು ಬರುವುದಿಲ್ಲ, ಬದಲಾಗಿ ಪರಲೋಕದಲ್ಲಿ ಅವನ ಹಕ್ಕು ನಮ್ಮ ಮೇಲೆ ಬರುತ್ತದೆ.

ಇನ್ನೊಂದು ಮಾತು. ನಮ್ಮ ಕೈಯಿಂದಲೇ ಬಿದ್ದು ಒಡೆದುದನ್ನು 'ಬರುವಾಗಲೇ ಒಡೆದಿತ್ತು' ಎನ್ನುವುದು, ಮದುವೆಯ ಮನೆಯಲ್ಲಿ ಎರಡು ದಿನ ದುಡಿಸಿಕೊಂಡು ದೋಷವಿದೆಯೆಂದು ಮರಳಿಸುವುದು ಕೂಡ ವಂಚನೆಯೇ. ಎದುರಿರುವುದು ದೊಡ್ಡ ಕಂಪೆನಿಯೆಂದ ಮಾತ್ರಕ್ಕೆ ಸುಳ್ಳು ಹಲಾಲ್ ಆಗುವುದಿಲ್ಲ.

ನಮ್ಮಲ್ಲೂ ಅಂಗಡಿ ಇಟ್ಟವರು ಅನೇಕರಿದ್ದಾರೆ. ದೋಷವಿಲ್ಲದಿದ್ದರೂ, ಕೊಂಡು ಪಶ್ಚಾತ್ತಾಪಪಟ್ಟವನಿಂದ ಸರಕನ್ನು ಹಿಂದಕ್ಕೆ ಪಡೆಯುವವನ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂದು ಅಬೂದಾವೂದ್ ಮತ್ತು ಇಬ್ನುಮಾಜಃ ವರದಿ ಮಾಡಿದ ಹದೀಸ್‌ನಲ್ಲಿದೆ. ಹೀಗಿರುವಾಗ ಕೆಟ್ಟ ಸರಕು ಹಿಡಿದು ಮೆಟ್ಟಿಲ ಬಳಿ ನಿಂತವನನ್ನು ನಾಲ್ಕು ಬಾರಿ ಅಲೆಸುವುದು ಯಾವ ಲಾಭಕ್ಕೆ? ಕೊಳ್ಳುವಾಗಲೂ ಮಾರುವಾಗಲೂ ಮರಳಿಸುವಾಗಲೂ ಸತ್ಯವನ್ನೇ ಹೇಳುವವರಾಗಿ ಅಲ್ಲಾಹನು ನಮ್ಮನ್ನು ಅನುಗ್ರಹಿಸಲಿ. ಆಮೀನ್.