ಇಂದಿನ ಧಮ್ಮ ಚಿಂತನೆ: ಕಾಗೆ ಎಡೆ ಮುಟ್ಟದಿದ್ದರೆ?



ಯಲಬುರ್ಗಾ ಕಡೆಯ ಒಬ್ಬ ತಂಗಿ ಕೇಳಿದ್ದಾರೆ: "ಅಣ್ಣಾರ, ನಾವು ದೀಕ್ಷೆ ತಗೊಂಡೀವಿ. ಆದ್ರ ಯಾರಾದ್ರೂ ತೀರಿಕೊಂಡ್ರ ಬೀಗರು ಕಾಗಿಗೆ ಎಡಿ ಇಡ್ರಿ ಅಂತಾರ. ಇಟ್ಟರೂ ಕಾಗಿ ಮುಟ್ಟಲಿಲ್ಲಂದ್ರ ಊರ ಮಂದಿಗೆ ಏನು ಹೇಳೂದು?"

ಪ್ರಶ್ನೆ ಸಣ್ಣದಲ್ಲ. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂರನೇ ದಿನದ ಎಡೆಯ ಹೊತ್ತಿಗೆ ನಾನಿದ್ದೆ. ಬಿಸಿಲು ಏರಿತು, ಕಾಗೆ ಬರಲಿಲ್ಲ. "ಅಂವಗ ಏನೋ ಆಸೆ ಉಳದೈತಿ" ಎಂದರು ಒಬ್ಬರು. "ಹೆಂಡ್ತಿ ಸರಿ ನೋಡಿಕೊಳ್ಳಲಿಲ್ಲ" ಎಂದರು ಇನ್ನೊಬ್ಬರು. ಗಂಡನನ್ನು ಕಳೆದುಕೊಂಡ ಆ ತಾಯಿ ತಲೆ ತಗ್ಗಿಸಿ ಕೂತಿದ್ದಳು. ಕೊನೆಗೆ ಅಣ್ಣತಮ್ಮಂದಿರು "ನಿನ್ನ ಮಗಳ ಮದುವಿ ನಾವು ಮಾಡತೀವಿ" ಎಂದು ಮಾತು ಕೊಟ್ಟು ಎಲ್ಲರನ್ನೂ ದೂರ ಸರಿಸಿದರು. ಸ್ವಲ್ಪ ಹೊತ್ತಿಗೆ ಎರಡು ಕಾಗೆ ಇಳಿದವು. ಮಾತು ಕೊಟ್ಟದ್ದಕ್ಕೆ ಬಂದವು ಎಂದು ಎಲ್ಲರೂ ನಂಬಿದರು. ಜನ ಹಿಂದೆ ಸರಿದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕಾಗೆಯ ಸ್ವಭಾವ ಗೊತ್ತಿದ್ದರೆ ಇದರಲ್ಲಿ ಸೋಜಿಗವಿಲ್ಲ. ನಮ್ಮ ಕಡೆ ಎರಡು ಬಗೆಯ ಕಾಗೆಗಳಿವೆ. ಕತ್ತು ಬೂದು ಬಣ್ಣದ್ದು ಊರ ಕಾಗೆ. ಮೈಯೆಲ್ಲ ಕಪ್ಪಾಗಿ ಕೊಕ್ಕು ದಪ್ಪಗಿರುವುದು ಕಾಡು ಕಾಗೆ. ಇಂಗ್ಲಿಷ್ ಕಥೆಗಳಲ್ಲಿ ಬರುವ ರೇವನ್ ಇವಕ್ಕಿಂತ ದೊಡ್ಡದು. ಅದು ಹಿಮಾಲಯ, ರಾಜಸ್ಥಾನದ ಕಡೆಯದು, ಕೊಪ್ಪಳದಲ್ಲಿ ಕಾಣುವುದಿಲ್ಲ. ಊರ ಕಾಗೆಯಂತೂ ಮನುಷ್ಯರಿಲ್ಲದ ಕಡೆ ಇರುವುದೇ ಅಪರೂಪ. ಗಂಗಾವತಿಯ ಭತ್ತದ ಗದ್ದೆ, ಮಾಂಸದ ಅಂಗಡಿ, ಬಸ್ ನಿಲ್ದಾಣದ ಹೋಟೆಲಿನ ಹಿಂಬದಿ, ಇವೇ ಅದರ ಸಂಸಾರ. ಹಡಗು ಹತ್ತಿ ಆಫ್ರಿಕಾದ ಪೂರ್ವ ಕರಾವಳಿಗೂ ಹೋಗಿ ನೆಲೆಸಿದೆ. ಇಷ್ಟು ಜಾಣ ಹಕ್ಕಿಯ ಗೂಡಿನಲ್ಲೇ ಕೋಗಿಲೆ ಮೊಟ್ಟೆ ಇಟ್ಟು ಹೋಗುತ್ತದೆ, ಅದು ಬೇರೆ ಮಾತು!

ಮನುಷ್ಯರ ನಡುವೆ ಬದುಕುವ ಹಕ್ಕಿ ಮನುಷ್ಯರನ್ನು ಓದಲು ಕಲಿಯಲೇಬೇಕು. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಮತ್ತು ಸಂಗಡಿಗರು ಗುಹಾಮಾನವನ ಮುಖವಾಡ ಹಾಕಿಕೊಂಡು ಕೆಲವು ಕಾಗೆ ಹಿಡಿದು, ಕಾಲಿಗೆ ಗುರುತು ಹಾಕಿ ಬಿಟ್ಟರು. ವರ್ಷಗಳ ನಂತರವೂ ಆ ಮುಖವಾಡ ಯಾರು ಹಾಕಿದರೂ ಕಾಗೆಗಳು ಮೇಲೆ ಹಾರಾಡಿ ಕೂಗಿದವು. ಬಲೆಗೆ ಬೀಳದ ಕಾಗೆಗಳೂ ಉಳಿದವುಗಳಿಂದ ಕಲಿತು ಕೂಗಿದವು. ಅಲ್ಲಿನ ಕಾಗೆ ಬೇರೆ ಜಾತಿ, ಆದರೆ ಬಳಗ ಒಂದೇ. ಒಂದು ಕಾಗೆ ಸತ್ತರೆ ಸುತ್ತ ನೆರೆದು ಕೂಗುವುದನ್ನು ನಾವೆಲ್ಲ ನೋಡಿದ್ದೇವೆ. ಆ ಜಾಗದಲ್ಲಿ ಏನು ಅಪಾಯವಿದೆ ಎಂದು ಅವು ಹಾಗೆ ಕಲಿಯುತ್ತವೆ ಎನ್ನುತ್ತಾರೆ ಅಭ್ಯಾಸ ಮಾಡಿದವರು.

ಹೊಸದೇನು ಕಂಡರೂ ಕಾಗೆ ಮೊದಲು ಅನುಮಾನಿಸುತ್ತದೆ. ಈಗ ಎಡೆಯ ಜಾಗ ನೆನಪಿಸಿಕೊಳ್ಳಿ. ಹೊಸ ಮಣ್ಣು, ಹೂವು, ಊದುಬತ್ತಿಯ ಹೊಗೆ, ಸುತ್ತ ಮೂವತ್ತು ಜನ, ಎಲ್ಲರ ಕಣ್ಣೂ ಅದರ ಮೇಲೆ. ಉಳಿದ ದಿನ ಕಲ್ಲು ಬೀಸಿದವರೇ ಇಂದು ಕೈ ಮುಗಿದು ಕರೆಯುತ್ತಿದ್ದಾರೆ. ಯಾವ ಕಾಗೆ ಇಳಿದೀತು? ಸತ್ತವರ ಆಸೆಗೂ ಅದಕ್ಕೂ ಸಂಬಂಧವಿಲ್ಲ. ಆ ತಾಯಿಯ ತಪ್ಪೂ ಏನಿಲ್ಲ. ಮಗಳ ಮದುವೆ ಮಾಡುವುದಿದ್ದರೆ ಕಾಗೆ ಬಾರದಿದ್ದರೂ ಮಾಡಬೇಕಾದದ್ದೇ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಆರನೆಯದು ಇದೇ ವಿಷಯದ್ದು: ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ. ಬೀಗರ ಜೊತೆ ಜಗಳ ಬೇಡ, ತಂಗಿ. ತ್ರಿಸರಣ, ಪಂಚಶೀಲ ಹೇಳಿ, ತೀರಿಹೋದವರ ಒಳ್ಳೆಯ ಕೆಲಸ ನೆನೆದು, ಬಂದವರಿಗೆ ಊಟ ಹಾಕಿ. ಕಾಗೆಗೂ ಅನ್ನ ಹಾಕಿ, ಬೇಡ ಅನ್ನುವವರು ಯಾರು? ಹಸಿದ ಹಕ್ಕಿ ಎಂದು ಹಾಕಿ, ದಿನಾ ಹಾಕಿ, ಒಂದು ಬೋಗುಣಿ ನೀರೂ ಇಡಿ. ಸಾಕ್ಷಿ ಹೇಳಲು ಮಾತ್ರ ಅದನ್ನು ಕರೆಯಬೇಡಿ.

ವಿನಯ ಪಿಟಕದ ಮಹಾವಗ್ಗದಲ್ಲೂ ಸಾವಿನ ಮನೆಯೊಂದಿದೆ, ಕಾಗೆಯೂ ಇದೆ. ಆನಂದರಿಗೆ ನಡೆದುಕೊಳ್ಳುತ್ತಿದ್ದ ಒಂದು ಕುಟುಂಬ ರೋಗಕ್ಕೆ ಬಲಿಯಾಯಿತು. ಉಳಿದವರು ಇಬ್ಬರು ಚಿಕ್ಕ ಹುಡುಗರು. ಭಿಕ್ಖುಗಳನ್ನು ಕಂಡು ಹಳೆಯ ರೂಢಿಯಂತೆ ಓಡಿ ಬಂದರು. ಭಿಕ್ಖುಗಳು ಅಟ್ಟಿದರು, ಮಕ್ಕಳು ಅತ್ತವು. ಹದಿನೈದು ತುಂಬದವರಿಗೆ ಪಬ್ಬಜ್ಜ ಕೊಡಬಾರದೆಂಬ ನಿಯಮವಿತ್ತು. ಹಾಗಾದರೆ ಈ ಮಕ್ಕಳು ಉಳಿಯುವುದು ಹೇಗೆ ಎಂದು ಆನಂದರು ಭಗವಾನರ ಬಳಿ ಹೋದರು. ಬುದ್ಧರು ಕೇಳಿದ್ದು ಒಂದೇ: ಆನಂದಾ, ಆ ಹುಡುಗರಿಗೆ ಕಾಗೆ ಓಡಿಸಲು ಬರುತ್ತದೆಯೇ? ಬರುತ್ತದೆ ಎಂದರು ಆನಂದರು. ಕಾಗೆ ಓಡಿಸಬಲ್ಲ ಹುಡುಗನಿಗೆ ಹದಿನೈದು ತುಂಬದಿದ್ದರೂ ಪಬ್ಬಜ್ಜ ಕೊಡಬಹುದೆಂದು ಬುದ್ಧರು ಅಂದು ನಿಯಮ ಸಡಿಲಿಸಿದರು.