ಮೋಶೆಯ ತೊದಲು, ಆರೋನನ ಜೊತೆ



ಕೆಲವು ಮಕ್ಕಳು ಮುಖ ಕೊಟ್ಟು ಮಾತಾಡುವುದಿಲ್ಲ, ಆಟದ ಸಾಮಾನನ್ನು ಸಾಲಾಗಿ ಜೋಡಿಸುತ್ತಾ ಕೂರುತ್ತಾರೆ. ಕೆಲವರಿಗೆ ಒಂದು ಗಳಿಗೆಯೂ ಕೂತಲ್ಲಿ ಕೂರಲಾಗದು. ಇನ್ನು ಕೆಲವರು ಎಲ್ಲದರಲ್ಲೂ ಚುರುಕು, ಆದರೆ ಓದುವಾಗ ತಡವರಿಸುತ್ತಾರೆ. ಪರೀಕ್ಷಿಸಿದ ವೈದ್ಯರು ಆಟಿಸಂ, ಎ.ಡಿ.ಎಚ್.ಡಿ. ಅಥವಾ ಡಿಸ್ಲೆಕ್ಸಿಯಾ ಎನ್ನಬಹುದು. ಇದು ಅಂಟುರೋಗವಲ್ಲ, ಹಟಮಾರಿತನವೂ ಅಲ್ಲ. ಈ ಮಕ್ಕಳ ಮಿದುಳು ಕೆಲಸ ಮಾಡುವ ರೀತಿಯೇ ಬೇರೆ. ಹೊಡೆದರೆ ಅದು ಬದಲಾಗುವುದಿಲ್ಲ, ಭಯ ಮಾತ್ರ ಹೆಚ್ಚುತ್ತದೆ.

ಯಾರ ಪಾಪ?

"ನಾವೇನು ತಪ್ಪು ಮಾಡಿದ್ವೋ ಸಿಸ್ಟರ್" ಅಂತ ಎಷ್ಟೋ ತಾಯಂದಿರು ಕಣ್ಣೀರು ಹಾಕುತ್ತಾರೆ. ಮಗುವನ್ನು ಮದುವೆ ಮನೆಗೆ, ಪೂಜೆಗೆ ಕರೆದುಕೊಂಡು ಹೋಗುವುದನ್ನೇ ಬಿಡುತ್ತಾರೆ. ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನನ್ನು ಕಂಡು ಇದೇ ಪ್ರಶ್ನೆ ಕೇಳುತ್ತಾರೆ. ಪಾಪ ಅವನದ್ದೂ ಅಲ್ಲ, ಹೆತ್ತವರದ್ದೂ ಅಲ್ಲ ಎಂಬುದು ಯೇಸುಸ್ವಾಮಿಯ ಉತ್ತರ. ಅವರು ಇಳಿಸಿದ ಭಾರವನ್ನು ನಾವು ಮತ್ತೆ ಹೊರುವುದು ಬೇಡ.

ವರ ಎಂದರೇನು?

ವಿಮೋಚನಾಕಾಂಡದ 4ನೇ ಅಧ್ಯಾಯದಲ್ಲಿ ಮೋಶೆ ತನಗೆ ಮಾತು ಸರಾಗವಲ್ಲ ಎನ್ನುತ್ತಾನೆ. ದೇವರು ಅವನ ನಾಲಗೆಯನ್ನು ಮೊದಲು ಸರಿಮಾಡಿ ಆಮೇಲೆ ಕಳಿಸಲಿಲ್ಲ. ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು. ಕರೆ ಮೋಶೆಗೇ ಇತ್ತು, ಆಸರೆಯೂ ಸಿಕ್ಕಿತು. ನಮ್ಮ ಮಕ್ಕಳಿಗೂ ಬೇಕಿರುವುದು ಒಬ್ಬ ಆರೋನ: ತಾಳ್ಮೆಯ ಶಿಕ್ಷಕಿ, ಅರ್ಥಮಾಡಿಕೊಳ್ಳುವ ಅಜ್ಜಿ, ಆಟಕ್ಕೆ ಸೇರಿಸಿಕೊಳ್ಳುವ ಪಕ್ಕದ ಮನೆ ಹುಡುಗ.

ಸಾಲಾಗಿ ಜೋಡಿಸುವ ಮಗುವಿಗೆ ಅಚ್ಚುಕಟ್ಟುತನ ಇರಬಹುದು. ಸುಮ್ಮನಿರದ ಮಗು ಓಡಾಟದ ಕೆಲಸಕ್ಕೆ ಮುಂದು. ಓದಲಾಗದ ಮಗು ಕೇಳಿದ ಕಥೆಯನ್ನು ಚೆನ್ನಾಗಿ ಹೇಳಬಹುದು.

ಆದರೆ ಎಲ್ಲ ಮಕ್ಕಳಲ್ಲೂ ವಿಶೇಷ ಪ್ರತಿಭೆ ಇರಲೇಬೇಕೆಂದಿಲ್ಲ. ಮಾತೇ ಬಾರದ, ಜೀವನಪೂರ್ತಿ ನೆರವು ಬೇಕಾದ ಮಗುವೂ ದೇವರ ಸ್ವರೂಪವೇ. ದೇಹದಲ್ಲಿ ಬಲಹೀನವಾಗಿ ತೋರುವ ಅಂಗಗಳೇ ಅತ್ಯಗತ್ಯ ಎಂದು ಸಂತ ಪೌಲರು ಕೊರಿಂಥದವರಿಗೆ ತಿಳಿಸುತ್ತಾರೆ (1 ಕೊರಿಂಥ 12). ವರ ಅಂದ ಮಾತ್ರಕ್ಕೆ ತಾಯಿಯ ನಿದ್ದೆಗೆಟ್ಟ ರಾತ್ರಿಗಳು ಸುಳ್ಳಾಗುವುದಿಲ್ಲ. 2014ರ ನವೆಂಬರ್‌ನಲ್ಲಿ ಆಟಿಸಂ ಇರುವವರನ್ನೂ ಅವರ ಕುಟುಂಬಗಳನ್ನೂ ವ್ಯಾಟಿಕನ್‌ನಲ್ಲಿ ಬರಮಾಡಿಕೊಂಡ ಪೋಪ್ ಫ್ರಾನ್ಸಿಸ್, ಈ ಕುಟುಂಬಗಳ ಒಂಟಿತನವನ್ನೂ ಕಳಂಕವನ್ನೂ ಮುರಿಯಬೇಕೆಂದು ಕರೆಕೊಟ್ಟರು.

ನಾವು ಮಾಡಬಹುದಾದದ್ದು

• ಪ್ರಾರ್ಥನೆಯ ಜೊತೆಗೆ ಚಿಕಿತ್ಸೆ, ತರಬೇತಿಯೂ ಇರಲಿ. ಸಂದೇಹ ಬಂದ ಕೂಡಲೇ ಮಕ್ಕಳ ವೈದ್ಯರಿಗೆ ತೋರಿಸಿ. ಪೂರ್ತಿ ವಾಸಿ ಮಾಡ್ತೀವಿ ಅಂತ ಹಣ ಕೇಳುವವರನ್ನು ನಂಬಬೇಡಿ.

• 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿವೆ. ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿ.

• ದೇವಾಲಯದಲ್ಲಿ ಮೈಕಿನ ಸದ್ದಿಗೆ ಮಗು ಕಿವಿ ಮುಚ್ಚಿಕೊಂಡರೆ ಗದರಬೇಡಿ. ಬಾಗಿಲ ಹತ್ತಿರ ಜಾಗ ಬಿಟ್ಟುಕೊಡಿ. ಧರ್ಮೋಪದೇಶವನ್ನು ಚಿತ್ರ ತೋರಿಸಿ ಕಲಿಸಿ.

• ತಾಯಿಗೆ ವಾರಕ್ಕೆ ಒಂದೆರಡು ಗಂಟೆಯಾದರೂ ಬಿಡುವು ಸಿಗುವಂತೆ ನೆರೆಹೊರೆಯವರು ಸರದಿ ಹಾಕಿಕೊಳ್ಳಿ.

ಗುಂಪು ಚರ್ಚೆಗೆ

1. ನಮ್ಮ ಬೀದಿಯಲ್ಲಿ ಮನೆಯೊಳಗೇ ಉಳಿದುಬಿಟ್ಟ ಮಗು ಇದೆಯೇ?
2. ಆ ಮಗುವಿಗೆ ಇಷ್ಟವಾದದ್ದು, ಹೆದರಿಕೆ ತರುವಂಥದ್ದು ನಮಗೆ ಗೊತ್ತೇ?
3. ಮುಂದಿನ ಸಭೆಯೊಳಗೆ ನಮ್ಮಲ್ಲಿ ಯಾರು ಆ ಮನೆಗೆ ಹೋಗಿ ಬರುತ್ತೇವೆ?